ಬಂಡೆಯಿಂದ ಗುಡಿಸಲಿಗೆ

ಖಾರ್ಪಾ
ಕಾರ್ತಿಕ 28

ನವಾಂಗ್ ಛೋತಾರ್,

ಹೌದು, ಹೆಸರು ಹಿಡಿದೇ ಕರೆದಿದ್ದೇನೆ. ಆಣೆಯಿಟ್ಟು ಗೆಳೆಯನಾದ ಮೀತನ ಹೆಸರು ಹೇಳಬಾರದು, ಸಾಯುವವರೆಗೂ 'ಮೀತ' ಎಂದೇ ಕರೆಯಬೇಕು ಎಂದು ಹಿರಿಯರ ಮುಂದೆ ನಾವಿಬ್ಬರೂ ಟೋಪಿ ಬದಲಾಯಿಸಿಕೊಂಡು ಹತ್ತೊಂಬತ್ತು ವರ್ಷವಾಯಿತು. ಅಷ್ಟು ವರ್ಷ ನಾಲಿಗೆ ಹಿಡಿದಿಟ್ಟುಕೊಂಡಿದ್ದೆ. ಇವತ್ತು ಅಂಗಳದಲ್ಲಿ ಕುಳಿತು, ಹಂದಿ ಕೋಳಿಗಳಿಗೂ ಕೇಳಿಸುವಂತೆ ಗಟ್ಟಿಯಾಗಿ ಹೇಳುತ್ತಾ ನಿನ್ನ ಹೆಸರು ಬರೆದಿದ್ದೇನೆ.

ನನ್ನ ತಮ್ಮನನ್ನು ನನ್ನ ಬೆನ್ನುಬುಟ್ಟಿಯಲ್ಲೇ ಕೂರಿಸಿಕೊಂಡು ಐದು ದಿನ ಇಳಿದೆ. ನೀನು ಹೊತ್ತು ತಂದಾಗ ಮಡಿಸಿದ್ದ ಮೊಣಕಾಲುಗಳು ಹಾಗೆಯೇ ಸೆಟೆದುಕೊಂಡಿದ್ದರಿಂದ ಬುಟ್ಟಿಯೊಳಗೆ ಕೂರಿಸುವುದು ಕಷ್ಟವಾಗಲಿಲ್ಲ. ಇಳಿಜಾರಿನಲ್ಲಿ ಒಂದೊಂದು ಹೆಜ್ಜೆಗೂ ಅವನ ಹಣೆ ನನ್ನ ಕುತ್ತಿಗೆಗೆ ಬಡಿಯುತ್ತಿತ್ತು. ಚಹಾ ಅಂಗಡಿಯವರು ಯಾರೂ ಆ ಹೊರೆಯನ್ನು ಬಾಗಿಲ ಹತ್ತಿರ ಇಳಿಸಲು ಬಿಡಲಿಲ್ಲ. ಬುಟ್ಟಿಯ ಕೆಳಗೆ ತೋಕ್ಮಾ ಕೋಲನ್ನು ಊರಿ, ನಿಂತುಕೊಂಡೇ ದಣಿವಾರಿಸಿಕೊಂಡೆ. ಅದೇ ಕೋಲಿನಿಂದ ನಿನ್ನ ಮುಖ ಸೀಳಿದ್ದು ನೆನಪಾದಾಗಲೆಲ್ಲ ಕಾಲಿಗೆ ಬಲ ಬರುತ್ತಿತ್ತು.

ಹೊರಗೆ ಸತ್ತವನನ್ನು ಊರೊಳಗೆ ತರುವಂತಿಲ್ಲವಲ್ಲ, ಹಳ್ಳದಾಚೆ ಇಟ್ಟು ತೊಳೆದೆವು. ಅಂಗಿ ಬಿಚ್ಚಿದಾಗ ಅವನ ಹೆಂಡತಿ ಸುಕಮಾಯಾ ಒಂದೇ ಸಲ ಕೂಗಿದಳು. ಎರಡೂ ಕೆನ್ನೆ ಕಪ್ಪಾಗಿ ಊದಿದ್ದವು. ಮುಂದಿನ ಎರಡು ಹಲ್ಲು ಇರಲಿಲ್ಲ. ಎಡಪಕ್ಕೆಯಲ್ಲಿ ಬೂಟಿನ ಗುರುತು, ತೊಡೆಗಳ ಮೇಲೆ ಬಾಸುಂಡೆ. ತೋಕ್ಮಾದ ಬಾಸುಂಡೆ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲೆ, ಬೆಟ್ಟ ಸುತ್ತಲು ಬಂದ ಗೆಸ್ಟ್‌ಗಳ ಮುಂದೆ, ನಾನು ಅವನ ಮುಖವನ್ನಷ್ಟೇ ನೋಡಿ ನಿನಗೆ ಒಂದೇ ಏಟು ಹೊಡೆದೆ. ಉಳಿದದ್ದನ್ನೂ ಅಲ್ಲೇ ನೋಡಿದ್ದರೆ ಒಂದಕ್ಕೆ ನಿಲ್ಲಿಸುತ್ತಿರಲಿಲ್ಲ.

ಅವನ ಬೆನ್ನ ಮೇಲೆ ಇದ್ದದ್ದು ಗೆಸ್ಟ್‌ಗಳ ಹಾಸಿಗೆ. ಅವರು ಬೆಚ್ಚಗೆ ಮಲಗಲಿ ಎಂದು ನೀನು ನನ್ನ ತಮ್ಮನನ್ನು ಯಾಕ್ ಅಟ್ಟಿದ ಹಾಗೆ ಅಟ್ಟಿ ಕೊಂದೆ. ಮಣಿಕಟ್ಟಿನಲ್ಲಿ ಗಡಿಯಾರ ಇನ್ನೂ ನಡೆಯುತ್ತಿತ್ತು. ಹೋದ ವರ್ಷ ಒಬ್ಬ ಗೆಸ್ಟ್ ಕೊಟ್ಟಿದ್ದು. ಈಗ ಅದನ್ನು ನಾನು ಕಟ್ಟಿಕೊಂಡಿದ್ದೇನೆ.

ನಿನ್ನ ಎಡಗಣ್ಣು ಹೋಯಿತಂತೆ. ಬಲಗಣ್ಣು ಇರಲಿ, ನಾನು ಬರುವುದು ನಿನಗೆ ಕಾಣಬೇಕು. ಕೋದ್ರಾ ಕೊಯ್ಲು ಮುಗಿದು, ಹಿಮ ಕರಗಿ ದಾರಿ ಬಿಟ್ಟ ಮೇಲೆ ಬರುತ್ತೇನೆ. ಖುಕುರಿ ಮಸೆಯುವ ಕೆಲಸ ಇವತ್ತೇ ಶುರುವಾಗಿದೆ.

ಪದಮ್‌ಧ್ವಜನ ಅಣ್ಣ,
ಹರ್ಕಧ್ವಜ ರಾಯ್


ತಾರ್ಸೆ
ಮಂಸಿರ್ 15

ಮೀತ,

ನೀನು ಹೆಸರು ಬರೆದೆ. ನನಗೆ ಆಗುವುದಿಲ್ಲ. ಒಂದೇ ಕಣ್ಣಿನಲ್ಲಿ ಬರೆಯುವುದರಿಂದ ಸಾಲುಗಳು ಓಡಿಹೋಗುತ್ತಿವೆ, ಸಹಿಸಿಕೋ.

ಹೊಡೆದದ್ದು ನಾನೇ. ಒಂದು ಏಟನ್ನೂ ಇಲ್ಲವೆನ್ನುವುದಿಲ್ಲ. ಆದರೆ ಹೇಗೆ ಹೊಡೆದೆ ಎನ್ನುವುದನ್ನು ಕೇಳಿಸಿಕೊಂಡು ಆಮೇಲೆ ಖುಕುರಿ ತಾ.

ಆ ದಿನ ಬೆಳಕು ಹರಿಯುವಾಗ ನೀನು ಅಡುಗೆಯ ಪಾತ್ರೆ ಹೊತ್ತು ಎಲ್ಲರಿಗಿಂತ ಮುಂದೆ ಹೋದೆ. ಥಾಂಗ್ಮಾರ್ ಲಾ ಘಟ್ಟ ದಾಟಿ ಆಚೆ ಬದಿಯಲ್ಲಿ ಒಲೆ ಹಚ್ಚಿರಬೇಕಿತ್ತು. ಹೊರೆಯವರ ಸರ್ದಾರನಾದವನು ಕೊನೆಯಲ್ಲಿ ಬರಬೇಕು, ನಾನು ಕೊನೆಯಲ್ಲಿ ಬಂದೆ. ಹನ್ನೊಂದು ಜನ ಗೆಸ್ಟ್‌ಗಳನ್ನು ಇಬ್ಬರು ಹುಡುಗರ ಜೊತೆ ಮುಂದೆ ಕಳಿಸಿದ್ದೆ. ಹತ್ತು ಗಂಟೆಗೆ ಗಾಳಿ ಎದ್ದಿತು. ಆಮೇಲೆ ಬಿದ್ದ ಹಿಮ ಮೇಲಿನಿಂದ ಬೀಳಲಿಲ್ಲ, ಅಡ್ಡಡ್ಡ ಬಂದು ಮುಖಕ್ಕೆ ಹೊಡೆಯಿತು. ರಾತ್ರಿ ತಂಗಿದ್ದ ಕಲ್ಲು ಗುಡಿಸಲಿನಿಂದ ಮೇಲಕ್ಕೆ, ಘಟ್ಟದ ನೆತ್ತಿಯ ಕೆಳಗೆ, ಆ ಕಪ್ಪು ಬಂಡೆ ಇದೆಯಲ್ಲ, ಅದಕ್ಕೆ ಒರಗಿ ಪದಮ್ ಕೂತುಬಿಟ್ಟಿದ್ದ. ಹಣೆಪಟ್ಟಿ ತೆಗೆದು ಪಕ್ಕದಲ್ಲಿಟ್ಟಿದ್ದ. ಹೊರೆಯವನು ಹಣೆಪಟ್ಟಿ ತೆಗೆದರೆ ಅವನು ಏಳುವುದಿಲ್ಲ ಎಂದು ನಿನಗೆ ಗೊತ್ತು.

"ಏಳೋ ಪದಮ್," ಎಂದೆ.

"ಒಂಚೂರು ಮಲಗ್ತೀನಿ ಮೀತಣ್ಣ. ನೀ ಹೋಗ್ತಾ ಇರು."

"ಮಲಗೋಕೆ ನಿಮ್ಮಪ್ಪ ಇಲ್ಲಿ ಮನೆ ಕಟ್ಸಿದಾನೇನೋ? ಏಳು!"

ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. ಹಿಮದಲ್ಲಿ ನಗುತ್ತಾ ಕೂತವರನ್ನು ನಾನು ಆಮೇಲೆ ಹೆಣವಾಗಿ ನೋಡಿದ್ದೇನೆ. ಕೆನ್ನೆಗೆ ಹೊಡೆದೆ. ಇನ್ನೊಂದು ಕೆನ್ನೆಗೆ ಹೊಡೆದೆ. ಕೈಯ ಉಣ್ಣೆಗವಸು ತೆಗೆದು ಬರಿಗೈಯಲ್ಲಿ ಹೊಡೆದೆ. ಎದ್ದು ನಿಂತ, ಹತ್ತು ಹೆಜ್ಜೆ ಹಾಕಿ ಮತ್ತೆ ಕುಸಿದ. ಅವನ ಹೊರೆಯನ್ನು ನನ್ನ ಹೊರೆಯ ಮೇಲೆ ಕಟ್ಟಿಕೊಂಡೆ, ಅವನ ತೋಕ್ಮಾ ಕೈಗೆ ತೆಗೆದುಕೊಂಡೆ. ತೊಡೆಗೆ ಹೊಡೆದೆ. ಪಕ್ಕೆಗೆ ಒದ್ದೆ. ಬೈದೆ. ನಿಮ್ಮ ಅವ್ವನನ್ನು ಬೈದೆ, ಸುಕಮಾಯಾಳನ್ನು ಬೈದೆ, "ನೀ ಸತ್ರೆ ಅವಳು ಇನ್ನೊಬ್ಬನ ಕಟ್ಕೋತಾಳೆ ಕಣೋ, ನಾನೇ ಮದ್ವೆ ಮಾಡಿಸ್ತೀನಿ" ಎಂದೆ. ಆಗ ಅವನಿಗೆ ಸಿಟ್ಟು ಬಂತು, ನನ್ನ ಗಂಟಲು ಹಿಡಿಯಲು ಬಂದ. ನನಗೆ ಎಷ್ಟು ಸಂತೋಷವಾಯಿತೆಂದರೆ ಅತ್ತುಬಿಟ್ಟೆ. ಸಿಟ್ಟು ಬಂದವನ ರಕ್ತ ಓಡುತ್ತದೆ, ರಕ್ತ ಓಡಿದವನು ನೆತ್ತಿ ದಾಟುತ್ತಾನೆ. ನಮ್ಮ ಕೆಲಸವನ್ನು ನಾವು ಕಲಿತದ್ದೇ ಹಾಗಲ್ಲವೇ?

ಹಾಗೆಯೇ ಅವನನ್ನು ನೆತ್ತಿಗೆ ಮುಟ್ಟಿಸಿದೆ. ಮಂತ್ರದ ಬಾವುಟಗಳ ಹತ್ತಿರ ದೇವರಿಗೆ ಜಯ ಕೂಗಿದೆ, ಅವನ ತುಟಿಯೂ ಅಲ್ಲಾಡಿತು. ಆಚೆ ಬದಿಯ ಮಂಜುಗಡ್ಡೆಯ ಇಳಿಜಾರಿನಲ್ಲಿ ಇನ್ನೂರು ಹೆಜ್ಜೆ ಇಳಿದಿರಬೇಕು, ಮುಖ ಅಡಿಯಾಗಿ ಬಿದ್ದ. ಹಲ್ಲು ಹೋದದ್ದು ಅಲ್ಲಿ, ಬಂಡೆಗೆ ಬಡಿದು. ತಿರುಗಿಸಿ ಹಾಕಿದರೆ ಬಾಯಿಂದ ಕೆಂಪು ನೊರೆ. ಮತ್ತೆ ಹೊಡೆಯಲು ಶುರುಮಾಡಿದೆ. ಮೀತ, ಎಷ್ಟು ಹೊತ್ತು ಹೊಡೆದೆನೋ ತಿಳಿಯದು. ಸತ್ತ ಮೇಲೂ ಹೊಡೆಯುತ್ತಿದ್ದೆ. ನಿನ್ನ ತಮ್ಮನ ಮೈಮೇಲಿನ ಗಾಯಗಳಲ್ಲಿ ಅರ್ಧ, ಅವನಿಗೆ ಗೊತ್ತಾಗದೆ ಬಿದ್ದವು.

ಹಿಂದಕ್ಕೆ ಗುಡಿಸಲಿಗೆ ಇಳಿಸಬಹುದಿತ್ತಲ್ಲ ಎಂದು ನೀನು ಕೇಳಬಹುದು. ಆ ಗಾಳಿಯಲ್ಲಿ, ಹೊಸ ಹಿಮದಲ್ಲಿ, ಅಂಥವನನ್ನು ಇಳಿಸಲು ಅರ್ಧ ದಿನ ಬೇಕಿತ್ತು. ನೆತ್ತಿ ಕಣ್ಣೆದುರೇ ಇತ್ತು.

ಇಪ್ಪತ್ತು ವರ್ಷದ ಹಿಂದೆ ಅದೇ ಬಂಡೆಗೆ ಒರಗಿ, ಬಟ್ಟೆಯ ಬೂಟು ಹಾಕಿಕೊಂಡು, "ಒಂಚೂರು ಮಲಗ್ತೀನಿ" ಎಂದ ಇನ್ನೊಬ್ಬ ರಾಯ್ ಇದ್ದ. ಅವನನ್ನೂ ಹೀಗೆಯೇ ಹೊಡೆದೆ. ಇವೇ ಬೈಗುಳ. ಅವನು ದಾಟಿದ. ಮುಂದಿನ ವರ್ಷ ಕೋಳಿ, ಛಾಂಗ್ ಹೆಂಡ ಹೊತ್ತು ನನ್ನ ಮನೆ ಹುಡುಕಿಕೊಂಡು ಬಂದು ಮೀತನಾಗು ಎಂದ.

ನಿನ್ನ ಮನೆಯ ಸಾವು ನನ್ನ ಮನೆಗೂ ಸಾವು. ಆ ದಿನದಿಂದ ಉಪ್ಪು ಬಿಟ್ಟಿದ್ದೇನೆ. ಸತ್ತವನ ಮನೆಯ ಹಿರಿಯ ಕೈಯಾರೆ ಉಪ್ಪು ಕೊಡುವವರೆಗೂ ಮುಟ್ಟುವಂತಿಲ್ಲ ಎನ್ನುವುದು ನಿಮ್ಮದೇ ಪದ್ಧತಿ. ಕಾಯುತ್ತೇನೆ.

ನಿನ್ನ ಮೀತ


ಖಾರ್ಪಾ
ಪೂಸ್ 3

ನವಾಂಗ್ ಛೋತಾರ್,

ನಾನು ಮರೆತಿದ್ದೇನೆ ಎಂದುಕೊಂಡೆಯಾ? ನನ್ನ ಎಡಗೈ ಕಿರುಬೆರಳು ಇವತ್ತಿಗೂ ಮಡಿಸುವುದಿಲ್ಲ. ಆ ದಿನ ನೀನು ಕೊಟ್ಟ ಏಟಿಗೆ ಅಡ್ಡ ಹಿಡಿದದ್ದು. ಮಕ್ಕಳಿಗೆ ತೋರಿಸಿ, ಇದು ನಿಮ್ಮ ಮೀತಪ್ಪ ಕೊಟ್ಟ ಉಡುಗೊರೆ, ಇದಿಲ್ಲದಿದ್ದರೆ ನೀವೂ ಇರುತ್ತಿರಲಿಲ್ಲ ಎಂದು ಹೇಳುತ್ತಿದ್ದವನು ನಾನು.

ನಿನ್ನ ಕಾಗದವನ್ನು ಸುಕಮಾಯಾಳಿಗೆ ಓದಿ ಹೇಳಿದೆ. ಅವಳನ್ನು ಬೈದದ್ದನ್ನೂ ಬಿಡದೆ ಓದಿದೆ. ಇನ್ನೊಬ್ಬನನ್ನು ಕಟ್ಟಿಕೊಳ್ಳುತ್ತಾಳೆ ಎಂದಾಗ ಅವನಿಗೆ ಸಿಟ್ಟು ಬಂತಾ ಎಂದು ಮತ್ತೆ ಮತ್ತೆ ಕೇಳಿದಳು. ಬಂತಂತೆ ಎಂದೆ. ಒಳಗೆ ಹೋಗಿ ಕೋದ್ರಾ ಬೀಸಲು ಕೂತಳು. ಸಂಜೆಯವರೆಗೂ ಬೀಸಿದಳು, ಬೀಸುವುದಕ್ಕೆ ಅಷ್ಟು ಧಾನ್ಯವೂ ಮನೆಯಲ್ಲಿರಲಿಲ್ಲ.

ಖುಕುರಿಯನ್ನು ಮತ್ತೆ ಮಾಡಿನ ಎಡೆಗೆ ಸಿಕ್ಕಿಸುವ ಮನಸ್ಸಾಗಿತ್ತು. ಮೊನ್ನೆ ಸಂತೆಯಲ್ಲಿ ಸಾಂತಬೀರ್ ಸಿಕ್ಕಿದ. ಸಾವಿನ ಹಿಂದಿನ ರಾತ್ರಿ ಕಲ್ಲು ಗುಡಿಸಲಿನಲ್ಲಿ ಪದಮ್‌ನ ಪಕ್ಕದಲ್ಲಿ ಮಲಗಿದ್ದವನು ಅವನು. ನನ್ನನ್ನು ಕಂಡು ದಾರಿ ಬದಲಿಸಿದ. ಕೊರಳಪಟ್ಟಿ ಹಿಡಿದು ಉಪ್ಪಿನ ಮೂಟೆಗಳ ಮೇಲೆ ಕೆಡವಿ, ಮೊಣಕಾಲು ಎದೆಗೆ ಊರಿ, ಯಾಕೋ ಓಡ್ತೀಯ ಎಂದೆ.

"ನಂದೇನೂ ತಪ್ಪಿಲ್ಲ ದಾದಾ, ಬಿಡು! ಬೆಳಗಿನ ಜಾವದಿಂದಾನೇ ಅವನ ಎದೇಲಿ ಗೊಳಗೊಳ ಅಂತಿತ್ತು. ಹುಕ್ಕಾ ಸೇದಿದಂಗೆ. ಸರ್ದಾರ್ ಅಲ್ಲೇ ನಿಂತಿದ್ರು. ನಂಗೆ ಕೇಳಿಸಿದ್ದು ಅವ್ರಿಗೆ ಕೇಳಿಸಿಲ್ವಾ?"

ಅದನ್ನೇ ನಿನ್ನನ್ನು ಕೇಳುತ್ತಿದ್ದೇನೆ. ದಣಿದವನನ್ನು ಹೊಡೆದು ದಾಟಿಸುವುದು ಬೇರೆ. ಎದೆಯಲ್ಲಿ ನೀರು ತುಂಬಿ ಗೊಳಗೊಳ ಎನ್ನುವವನು ಒಂದು ಹೆಜ್ಜೆಯೂ ಮೇಲೆ ಹೋಗಬಾರದು, ಇಳಿಯಬೇಕು, ಆ ಕ್ಷಣವೇ ಇಳಿಯಬೇಕು. ಇದನ್ನು ನನಗೆ ಹೇಳಿಕೊಟ್ಟವನು ನೀನು. ನಿನ್ನ ಕಾಗದದಲ್ಲಿ ಗಾಳಿಯ ಸದ್ದಿದೆ, ಬೈಗುಳದ ಸದ್ದಿದೆ. ಆ ಸದ್ದು ಎಲ್ಲಿ?

ಕೇಳಿಸಿತ್ತಾ, ಇಲ್ಲವಾ? ಒಂದು ಮಾತು ಬರೆ.

ಹದಿಮೂರನೆಯ ದಿನ ನಮ್ಮವರೆಲ್ಲರ ಅಂಗೈಗೂ ಉಪ್ಪು ಹಾಕಿದೆ. ನಿನಗೆ ಕೊಡುವುದಿಲ್ಲ.

ಹರ್ಕಧ್ವಜ ರಾಯ್


ತಾರ್ಸೆ
ಮಾಘ 20

ಮೀತ,

ಕೇಳಿಸಿತ್ತು.

ಈ ಒಂದು ಮಾತು ಬರೆಯಲು ಒಂದೂವರೆ ತಿಂಗಳು ಹಿಡಿಯಿತು. ಐದು ಕಾಗದ ಒಲೆಗೆ ಹಾಕಿದೆ.

ಗುಡಿಸಲಿನ ಬಾಗಿಲಲ್ಲಿ, ಹೊರೆ ಎತ್ತಲು ಅವನು ಬಗ್ಗಿದಾಗ ಕೇಳಿಸಿತು. ತೋಳು ಹಿಡಿದು ನಿಲ್ಲಿಸಿದೆ. "ಏನೋ ಇದು ಸದ್ದು?" ಎಂದೆ. "ನೆಗಡಿ ಮೀತಣ್ಣ, ಅಷ್ಟೇ. ಬರ್ತೀನಿ ನಾನು. ಅಣ್ಣಂಗೆ ಹೇಳ್ಬೇಡ," ಎಂದ. ಯಾಕೆ ಹೇಳಬಾರದು ಎಂದು ಕೇಳಬೇಕಿತ್ತು, ಕೇಳಲಿಲ್ಲ. ಅವನನ್ನು ಇಳಿಸಬೇಕೆಂದರೆ ಜೊತೆಗೆ ಇನ್ನೊಬ್ಬನನ್ನು ಕಳಿಸಬೇಕು. ಎರಡು ಹೊರೆ ಈ ಬದಿಯಲ್ಲೇ ಉಳಿಯುತ್ತವೆ. ಅದರಲ್ಲಿ ಆರು ಜನ ಗೆಸ್ಟ್‌ಗಳ ಹಾಸಿಗೆ ಇದೆ. ಅವರಲ್ಲಿ ಇಬ್ಬರು ಹಿಂದಿನ ದಿನವೇ ಚಹಾ ತಣ್ಣಗಿದೆ ಎಂದು ನನ್ನ ಮೇಲೆ ಕೂಗಾಡಿದ್ದರು. ನಾನು ಇಷ್ಟನ್ನೂ ಯೋಚಿಸಿದೆ. ಯೋಚಿಸಿ, ಅವನ ಹೊರೆಯನ್ನು ನನ್ನ ಕೈಯಿಂದಲೇ ಎತ್ತಿ ಅವನ ಹಣೆಗೆ ಪಟ್ಟಿ ಸಿಕ್ಕಿಸಿದೆ.

ಬಂಡೆಯ ಹತ್ತಿರವಾದರೂ ತಿರುಗಿಸಬಹುದಿತ್ತು. ನೀನು ಅದೇ ಜಾಗದಲ್ಲಿ ಕೂತು ಬದುಕಿದ್ದೆ. ನನ್ನ ಕೈಗೆ ಗೊತ್ತಿದ್ದದ್ದು ಮೇಲಕ್ಕೆ ಹೊಡೆಯುವುದು ಒಂದೇ. ನಿನ್ನನ್ನು ಬದುಕಿಸಿದೆ ಎಂಬ ಹೆಮ್ಮೆ ಇಪ್ಪತ್ತು ವರ್ಷ ನನ್ನ ತಲೆಯಲ್ಲಿ ಕೂತಿತ್ತು. ಆ ಹೆಮ್ಮೆಯೇ ಅವನನ್ನು ಕೊಂದಿತು.

ನೀನು ಹೇಳಿದ್ದು ಸರಿ. ಬಾ. ಬಾಗಿಲಿಗೆ ಅಗಳಿ ಹಾಕಿರುವುದಿಲ್ಲ.

ನವಾಂಗ್ ಛೋತಾರ್

(ಹೆಸರನ್ನೇ ಹಾಕಿದ್ದೇನೆ. ಮೀತ ಎಂದು ಸಹಿ ಹಾಕಲು ಕೈ ಬರಲಿಲ್ಲ.)


ತಾರ್ಸೆ
ಫಾಗುನ್ 18

ಮೈದುನ ಹರ್ಕನಿಗೆ ಯಾಂಗ್ಜಿಯ ಮಾತು.

ಬರೆಯುತ್ತಿರುವವರು ಶಾಲೆಯ ಮೇಷ್ಟ್ರು. ಬೈಗುಳ ಬಿಟ್ಟು ಬರೆಯುತ್ತೇನೆ ಎಂದರು. ಬಿಟ್ಟರೆ ನನ್ನ ಮಾತಿನಲ್ಲಿ ಏನೂ ಉಳಿಯುವುದಿಲ್ಲ, ಹೇಳಿದ್ದನ್ನು ಹೇಳಿದ ಹಾಗೆ ಬರೆಯಿರಿ ಎಂದಿದ್ದೇನೆ.

ನೀನು ನನ್ನ ಗಂಡನ ಕಣ್ಣು ತೆಗೆದೆ. ಆ ಗಾಯಕ್ಕೆ ಹದಿನೇಳು ದಿನ ಬೆಣ್ಣೆ ಹಚ್ಚಿದವಳು ನಾನು, ಕೀವು ಒರೆಸಿದವಳು ನಾನು. ಒರೆಸುವಾಗ ನಿನಗೆ ಎಷ್ಟು ಶಾಪ ಹಾಕಿದೆನೆಂದರೆ ನಮ್ಮ ಗೊಂಪಾದ ಲಾಮಾ ಬಂದು ಸಾಕು ಮಾಡಮ್ಮಾ ಎಂದು ಹೇಳಿ ಹೋದರು. ಪದಮ್ ನನ್ನ ಮನೆಯ ಆಲೂಗಡ್ಡೆ ತಿಂದವನು. ಅವನಿಗೆ ಅತ್ತಿದ್ದೇನೆ, ನಿನಗೆ ಬೈದಿದ್ದೇನೆ. ಎರಡೂ ಮುಗಿಯಿತು. ಈಗ ವಿಷಯಕ್ಕೆ ಬರುತ್ತೇನೆ.

ಈ ಮನುಷ್ಯ ಉಪ್ಪು ಮುಟ್ಟದೆ ನಾಲ್ಕು ತಿಂಗಳಾಯಿತು. ಉಪ್ಪಿಲ್ಲದ ಚಹಾ ಕುಡಿಯುವ ಶೆರ್ಪಾನನ್ನು ಎಲ್ಲಾದರೂ ಕಂಡಿದ್ದೀಯಾ? ಕಾಲು ಕಡ್ಡಿಯಾಗಿವೆ. ಕೆಲಸಕ್ಕೆ ಕರೆಯಲು ಬಂದವರನ್ನು ವಾಪಸ್ ಕಳಿಸುತ್ತಾನೆ. ಮಾಘ ಕಳೆದ ಮೇಲೆ ಇನ್ನೊಂದು ಶುರುವಾಗಿದೆ. ವಾರಕ್ಕೊಂದು ಸಲ, ಈಗೀಗ ಎರಡು ಸಲ, ಬೆಳಗ್ಗೆ ಎದ್ದು ಥಾಂಗ್ಮಾರ್ ಲಾ ಕಡೆಗೆ ಹೋಗುತ್ತಾನೆ. ಬರಿಗೈ. ಯಾಕ್ ಹುಡುಕಲು ಎನ್ನುತ್ತಾನೆ, ನಮ್ಮ ಯಾಕ್‌ಗಳೆಲ್ಲ ಕೊಟ್ಟಿಗೆಯಲ್ಲೇ ಇವೆ. ಹೋದ ವಾರ ನಾನೇ ಹಿಂದೆ ಹೋದೆ. ಆ ಕಪ್ಪು ಬಂಡೆಗೆ ಒರಗಿ ಕೂತಿದ್ದ. ಟೋಪಿ ತೆಗೆದಿದ್ದ. ನಗುತ್ತಿದ್ದ, ಹರ್ಕ. "ಒಂಚೂರು ಮಲಗ್ತೀನಿ, ನೀ ಹೋಗು" ಎಂದ. ಕೂದಲು ಹಿಡಿದು ಎಳೆದುಕೊಂಡು ಬಂದೆ. ನನ್ನ ಮಂಡಿ ಈಗ ನಡೆಯುವುದಿಲ್ಲ, ಇನ್ನೊಮ್ಮೆ ಅಷ್ಟು ಮೇಲೆ ಹತ್ತಲು ನನ್ನಿಂದಾಗದು.

ಊರವರನ್ನು ಕಳಿಸಿದರೆ ಅವರ ಮುಂದೆ ಚೆನ್ನಾಗಿ ಮಾತಾಡಿ ಇಳಿದು ಬರುತ್ತಾನೆ, ಮಾರನೆಯ ದಿನ ಮತ್ತೆ ಹೋಗುತ್ತಾನೆ.

ನೀನು ಕೊಲ್ಲುತ್ತೇನೆ ಎಂದಿದ್ದೀಯಲ್ಲ, ಕೊಲ್ಲುವುದಾದರೆ ಬೇಗ ಬಂದು ಕೊಲ್ಲು. ತಡ ಮಾಡಿದರೆ ಆ ಕೆಲಸ ಅವನೇ ಮುಗಿಸಿಕೊಳ್ಳುತ್ತಾನೆ, ನಿನ್ನ ಖುಕುರಿ ತುಕ್ಕು ಹಿಡಿಯುತ್ತದೆ. ಕೊಲ್ಲುವ ಮನಸ್ಸಿಲ್ಲದಿದ್ದರೂ ಬೇಗ ಬಾ.

ಹೆಬ್ಬೆಟ್ಟು ಒತ್ತಿದ್ದೇನೆ.

ಯಾಂಗ್ಜಿ


ಖಾರ್ಪಾ
ಚೈತ್ರ 21

ಮೀತ,

ಮೈಮೇಲಿನ ಗಾಯಗಳು ಎಲ್ಲಿಂದ ಬಂದವು ಎಂದು ಕೇಳುತ್ತಿದ್ದೀಯಂತೆ. ಅತ್ತಿಗೆ ಹೇಳಿ ಕಳಿಸಿದಳು. ನಿನಗೆ ಜ್ವರ ಇಳಿಯುವ ಮುಂಚೆಯೇ ನಾನು ಹೊರಟುಬಂದೆ. ಎಚ್ಚರದಲ್ಲಿರುವ ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಚೈತ್ರ ಹತ್ತರಂದು ಬೆಳಗ್ಗೆ ಒಂಬತ್ತಕ್ಕೆ ನಿನ್ನ ಬಾಗಿಲಲ್ಲಿದ್ದೆ. ಸೊಂಟದಲ್ಲಿ ಖುಕುರಿ ಇತ್ತು. ಅದನ್ನು ಯಾಕೆ ತಂದಿದ್ದೆ ಎಂದರೆ ನನಗೇ ಸರಿಯಾಗಿ ತಿಳಿಯದು. ಐದು ದಿನದ ದಾರಿಯಲ್ಲಿ ಅರ್ಧ ದಾರಿ ಕೊಲ್ಲಬೇಕೆಂದೇ ನಡೆದೆ. ಅತ್ತಿಗೆ ಹೊರಗೆ ಬಂದು ನನ್ನನ್ನು ನೋಡಿ, ಖುಕುರಿ ನೋಡಿ, "ಬೆಳಕು ಹರಿಯೋಕೆ ಮುಂಚೆ ಹೋದ. ಓಡು!" ಎಂದಳು. ನೀರೂ ಕೊಡಲಿಲ್ಲ.

ಗುಡಿಸಲು ಸೇರಿದಾಗ ಹನ್ನೆರಡಾಗಿತ್ತು. ನಿನ್ನ ಹೆಜ್ಜೆಗಳು ಮೇಲಕ್ಕೆ ಹೋಗಿದ್ದವು, ಇಳಿದ ಹೆಜ್ಜೆ ಇರಲಿಲ್ಲ. ಅಲ್ಲಿಂದ ಮುಂದೆ ಗಾಳಿ ಎದ್ದಿತು. ಮೊಣಕಾಲವರೆಗೆ ಹಿಮ. ಬಂಡೆಯ ಹತ್ತಿರ ಬಂದಾಗ ನೀನು ಕೂತಿದ್ದೆ. ಟೋಪಿ ಪಕ್ಕದಲ್ಲಿತ್ತು. ನಾವು ಬದಲಾಯಿಸಿಕೊಂಡಿದ್ದ ನನ್ನ ಹಳೆಯ ಟೋಪಿ. ರೆಪ್ಪೆಯ ಮೇಲೆ ಹಿಮ ಕಟ್ಟಿತ್ತು. ಒಳ್ಳೆಯ ಕಣ್ಣು ತೆರೆದು ನೋಡಿ, "ಬಂದ್ಯಾ? ಕೂತ್ಕೋ," ಎಂದೆ ನೀನು.

"ಏಳೋ," ಎಂದೆ.

"ಕೊಲ್ಲೋಕೆ ಎದ್ದು ನಿಲ್ಬೇಕಾ? ಇಲ್ಲೇ ಆಗುತ್ತೆ."

ನಿಜ ಹೇಳುತ್ತೇನೆ, ಆಗ ಖುಕುರಿಯ ಅಗತ್ಯವೂ ಇರಲಿಲ್ಲ. ಹಿಂದಿರುಗಿ ಹೋಗಿದ್ದರೆ ಸಾಕಿತ್ತು. ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಇಪ್ಪತ್ತು ಹೆಜ್ಜೆ ಹಿಂದಕ್ಕೆ ಹೋದೆ ಕೂಡ. ಇಪ್ಪತ್ತೊಂದನೆಯ ಹೆಜ್ಜೆಯಲ್ಲಿ ನಿನ್ನ ಕೆಮ್ಮು ಕೇಳಿಸಿತು. ತಿರುಗಿ ಬಂದು, ಕೈಗವಸು ತೆಗೆದು, ಕೆನ್ನೆಗೆ ಬಿಗಿದೆ.

"ಏಳೋ ಕುರುಡ! ನಿನ್ನ ಹೆಂಡ್ತಿ ಬಾಗ್ಲಲ್ಲಿ ನಿಂತು ಕಾಯ್ತವ್ಳೆ, ನೀ ಇಲ್ಲಿ ಅಂಡು ಊರಿ ಮಜಾ ಮಾಡ್ತಿದೀಯಾ?"

ನಕ್ಕೆ ನೀನು. ತೋಕ್ಮಾ ತಿರುಗಿಸಿ ತೊಡೆಗೆ ಹೊಡೆದೆ. ಕೊರಳಪಟ್ಟಿ ಹಿಡಿದು ಎತ್ತಿ ನಿಲ್ಲಿಸಿದರೆ ನಿನ್ನ ಕಾಲು ಮೇಲಕ್ಕೆ, ನೆತ್ತಿಯ ಕಡೆಗೆ ತಿರುಗಿತು. ಅಭ್ಯಾಸ. ಅದನ್ನು ನೋಡಿ ನನಗೆ ಎಲ್ಲಿಲ್ಲದ ರೋಷ ಬಂತು. ಆ ಬದಿಯ ಪಕ್ಕೆಗೆ ಒದ್ದೆ, ನೀನು ಕೆಳಗೆ ಬಿದ್ದೆ. ಮತ್ತೆ ಎತ್ತಿದೆ. "ಆ ಕಡೆ ಅಲ್ಲ! ಕೆಳಕ್ಕೆ ನಡಿ! ಕೆಳಕ್ಕೆ!" ಎಂದು ಕೂಗಿ ಹಿಂದಿನಿಂದ ಹೊಡೆದೆ. ನಿಂತಾಗಲೆಲ್ಲ ಹೊಡೆದೆ. ಬಿದ್ದಾಗ ಒದ್ದು ಉರುಳಿಸಿದೆ. ಬೆನ್ನಿನ ಮೇಲಿನ ಉದ್ದ ಗಾಯ ಏಟಿನದಲ್ಲ, ಕಡಿದಾದ ಜಾಗದಲ್ಲಿ ನಿನ್ನ ಕಾಲು ಹಿಡಿದು ದರದರ ಎಳೆದಾಗ ಆದದ್ದು. ತುಟಿ ಒಡೆದದ್ದು ನನ್ನ ಮೊಣಕೈ ತಾಗಿ. ನಿನಗೆ ಸಿಟ್ಟು ಬರಲಿ ಎಂದು ನಿಮ್ಮ ಲಾಮಾನನ್ನು ಬೈದೆ, ನಿನ್ನ ಯಾಕ್‌ಗಳನ್ನು ಬೈದೆ, ಯಾವುದಕ್ಕೂ ನೀನು ಸಿಟ್ಟಾಗಲಿಲ್ಲ. ಕೊನೆಗೆ, "ಪದಮ್‌ನ ಕೊಂದೋನೇ!" ಎಂದೆ. ಆಗ ತಿರುಗಿ ನನ್ನ ಮುಖಕ್ಕೆ ಗುದ್ದಿದೆ. ನನ್ನ ಮೂಗಿನ ಮೂಳೆ ಇನ್ನೂ ಕೂಡಿಲ್ಲ. ರಕ್ತ ಬಾಯಿಗೆ ಇಳಿಯುತ್ತಿತ್ತು, ನಾನು ಅಳುತ್ತಿದ್ದೆ. ಸಂತೋಷಕ್ಕೆ ಅತ್ತೆ ಎಂದು ನೀನು ಬರೆದದ್ದು ಆಗ ಅರ್ಥವಾಯಿತು.

ಗುಡಿಸಲಿನಲ್ಲಿ ಸಗಣಿ ಬೆರಣಿ ಹಚ್ಚಿ ಹಿಮ ಕರಗಿಸಿ ಚಹಾ ಕಾಯಿಸಿದೆ. ನನ್ನ ಗಂಟಿನಲ್ಲಿ ಉಪ್ಪಿತ್ತು. ಖುಕುರಿಯ ಜೊತೆಗೆ ಅದನ್ನೂ ಮನೆಯಿಂದಲೇ ತಂದಿದ್ದೆ, ಸುಕಮಾಯಾ ಕಟ್ಟಿಕೊಟ್ಟಿದ್ದಳು. "ಕೊಡೋದು ಬಿಡೋದು ನಿಮ್ಗೆ ಬಿಟ್ಟಿದ್ದು ಭಾವ," ಎಂದಿದ್ದಳು. ನಿನ್ನ ಅಂಗೈ ಬಿಡಿಸಿ ಉಪ್ಪು ಹಾಕಿದೆ. ನೀನು ಮುಷ್ಟಿ ಮುಚ್ಚಿಕೊಂಡೆ, ಬಾಯಿಗೆ ಹಾಕಲು ಒಪ್ಪಲಿಲ್ಲ. ದವಡೆ ಒತ್ತಿ ಬಾಯಿ ತೆರೆಸಿ, ಉಳಿದ ಉಪ್ಪನ್ನು ಚಹಾಕ್ಕೆ ಸುರಿದು, ಕರುವಿಗೆ ಔಷಧಿ ಕುಡಿಸುವ ಹಾಗೆ ಕುಡಿಸಿದೆ. ನೀನು ಕೆಮ್ಮಿದೆ, ಉಗುಳಿದೆ, ಕುಡಿದೆ. ಆಮೇಲೆ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದೆ. ಈ ನಿದ್ದೆಗೆ ಭಯವಿಲ್ಲ ಎಂದು ಎಬ್ಬಿಸಲಿಲ್ಲ. ಗಾಳಿ ನಿಂತ ಮೇಲೆ ಬೆನ್ನುಬುಟ್ಟಿಯಲ್ಲಿ ಕೂರಿಸಿಕೊಂಡು ಮನೆಗೆ ಇಳಿಸಿದೆ. ನಿನ್ನ ಹಣೆಯೂ ನನ್ನ ಕುತ್ತಿಗೆಗೆ ಬಡಿಯುತ್ತಿತ್ತು. ಬಿಸಿಯಾಗಿತ್ತು.

ನೀನು ಕೇಳದೆ ಬಿಟ್ಟ ಒಂದು ಪ್ರಶ್ನೆಗೆ ಉತ್ತರ ನನ್ನಲ್ಲಿದೆ. ಅಣ್ಣನಿಗೆ ಹೇಳಬೇಡ ಎಂದು ಅವನು ಯಾಕೆ ಹೇಳಿದ? ಹಿಂದಿನ ಸಂಜೆ ಅಡುಗೆ ಡೇರೆಗೆ ಬಂದು ತಲೆ ಸಿಡಿಯುತ್ತಿದೆ ಎಂದಿದ್ದ. ಎಲ್ಲರೆದುರು ನಾನು, "ಹೆಂಡ್ತಿ ಮಗ್ಗಲಲ್ಲಿ ಮಲಗಿ ಮಲಗಿ ಹೆಣ್ಣಾಗಿದೀಯ, ಹೊರೆ ಇಳಿಸಿ ಬಳೆ ತೊಟ್ಕೋ ಹೋಗು" ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ, ಸುಕಮಾಯಾಳಿಗೂ ಹೇಳಿಲ್ಲ. ನಿನ್ನ ಕಣ್ಣು ತೆಗೆದ ಏಟಿನಲ್ಲಿ ಅರ್ಧ ನನಗೆ ಬೀಳಬೇಕಿತ್ತು.

ಮುಂದಿನ ಹಂಗಾಮಿಗೆ ನಿನ್ನ ಜೊತೆ ಬರುತ್ತೇನೆ. ನಿನಗೆ ಎಡಗಡೆ ಕಾಣುವುದಿಲ್ಲವಲ್ಲ, ಎಡಗಡೆ ನಾನು ನಡೆಯುತ್ತೇನೆ. ಆ ಬಂಡೆಗೆ ಯಾವನಾದರೂ ಒರಗಿ ಕೂತರೆ ಹಾಸಿಗೆಯ ಹೊರೆಯನ್ನು ನಾನೇ ಕಣಿವೆಗೆ ಒದೆಯುತ್ತೇನೆ.

ಇನ್ನೊಂದು ಮಾತಿದೆ. ಬರೆಯಬಾರದು ಎಂದುಕೊಂಡು ದಾರಿಯುದ್ದಕ್ಕೂ ಬಾಯಿ ಬಿಗಿಹಿಡಿದು ಬಂದೆ, ಈಗ ಕೈ ಕೇಳುತ್ತಿಲ್ಲ. ಗುಡಿಸಲಿಗೆ ಇಳಿಸಲು ಅರ್ಧ ದಿನ ಬೇಕಿತ್ತು ಎಂದು ಬರೆದಿದ್ದೆಯಲ್ಲ. ಬಂಡೆಯ ಹತ್ತಿರ ನಿನ್ನನ್ನು ಎತ್ತಿ ನಿಲ್ಲಿಸಿದಾಗ ಗಡಿಯಾರ ನೋಡಿಕೊಂಡಿದ್ದೆ, ಗುಡಿಸಲಿನ ಬಾಗಿಲಲ್ಲಿ ಮತ್ತೆ ನೋಡಿದೆ. ಅಂಥದೇ ಗಾಳಿ, ಹೊಸ ಹಿಮ, ನಾಲ್ಕೂವರೆ ತಿಂಗಳು ಉಪ್ಪು ತಿನ್ನದ ಒಕ್ಕಣ್ಣಿನ ಮುದುಕ, ಹಿಂದೆ ಮೂಗು ಒಡೆದುಕೊಂಡ ಒಬ್ಬ.

ಪದಮ್‌ನ ಗಡಿಯಾರದಲ್ಲಿ ಐವತ್ತು ನಿಮಿಷ, ಮೀತ.

ನಿನ್ನ
ಮೀತ